ಅಂಬಿಗಿತ್ತಿ ಕಟ್ಟಿಸಿದ ಸೇತುವೆ

ಸಾನ್ ನದಿಗೆ ಸೇತುವೆ ಬರುವ ಮೊದಲು ನಮ್ಮ ಲಿಪೊವ್ಕಾದಿಂದ ಎದುರು ದಡದ ಓಲ್ಶಿನಿಗೆ ಹೋಗಬೇಕಾದರೆ ಗೆನೊವೆಫಾ ಪಾವ್ಲುಶ್‌ಳ ದೋಣಿಯೇ ಗತಿ. ದೊಡ್ಡವರಿಗೆ ಆಕೆ ಗೆನ್ಯಾ, ಮಕ್ಕಳಿಗೆ ಗೆನ್ಯಾ ಚಿಕ್ಕಮ್ಮ. ನಾನು ಓಲ್ಶಿನಿಯ ಹೈಸ್ಕೂಲಿನಲ್ಲಿ ಪೋಲಿಷ್ ಪಾಠ ಹೇಳುತ್ತಿದ್ದೆ, ಮನೆ ಲಿಪೊವ್ಕಾದಲ್ಲಿ. ಹೀಗಾಗಿ ಬೆಳಿಗ್ಗೆ ಹೋಗುವಾಗ ಅವಳ ಮುಖ, ಸಂಜೆ ಬರುವಾಗ ಅವಳ ಮುಖ. ನನ್ನ ಗಂಡನ ಜೊತೆ ಆಡಿದ್ದಕ್ಕಿಂತ ಹೆಚ್ಚು ಮಾತು ಆ ದೋಣಿಯಲ್ಲಿ ಆಡಿದ್ದೇನೆ.

ಅದು ಅಗಲವಾದ ಚಪ್ಪಟೆ ದೋಣಿ. ಟ್ರ್ಯಾಕ್ಟರು ಕೂಡ ಏರಿ ನಿಲ್ಲಬಹುದಿತ್ತು. ಎಂಜಿನ್ ಇರಲಿಲ್ಲ. ಎರಡು ದಡಗಳ ನಡುವೆ ಬಿಗಿದ ಉಕ್ಕಿನ ಹಗ್ಗವೇ ಅದನ್ನು ಹಿಡಿದಿಡುತ್ತಿತ್ತು. ಗೆನ್ಯಾ ಕಚ್ಚು ಕೊರೆದ ಮರದ ತುಂಡೊಂದನ್ನು ಆ ಹಗ್ಗಕ್ಕೆ ಸಿಕ್ಕಿಸಿ, ಮೈಭಾರ ಹಾಕಿ ಎಳೆಯುವಳು. ಉಳಿದ ಕೆಲಸ ನೀರಿನ ಸೆಳೆತದ್ದು. ಅವಳಪ್ಪನೂ ಅಂಬಿಗ. ಅವನ ಮಂಡಿ ಸೋತಾಗ ಪಂಚಾಯಿತಿಯವರು ಗಂಡಾಳಿಗಾಗಿ ಹುಡುಕಿದರು. ಆ ಸಂಬಳಕ್ಕೆ ಯಾರೂ ಬರಲಿಲ್ಲ. ಒಂದು ಬೆಳಿಗ್ಗೆ ಗೆನ್ಯಾ ಅಪ್ಪನ ಬೂಟು ಹಾಕಿಕೊಂಡು ದೋಣಿ ಕಡವಿಗೆ ಬಂದಳು, ಬೀಟ್‌ರೂಟು ತುಂಬಿದ ಗಾಡಿಯನ್ನು ಆಚೆ ದಾಟಿಸಿದಳು. ಅದಾದ ಮೇಲೆ ಹುಡುಕುವ ಕೆಲಸ ನಿಂತುಹೋಯಿತು.

ಮದುವೆಯಾಗಲಿಲ್ಲ. ಏಕೆಂದು ಕೇಳಿದವರಿಗೆ, "ದಿನಾ ಎರಡೂ ದಡದ ಗಂಡಸರನ್ನ ಹತ್ರದಿಂದ ನೋಡ್ತೀನಲ್ಲ, ಅದಕ್ಕೇ" ಎನ್ನುತ್ತಿದ್ದಳು.

ಅವಳ ಕೆಲಸದಲ್ಲಿ ಅವಳಿಗೆ ಸಹಿಸಲಾಗದ ಮಾತು ಒಂದೇ: "ಇವತ್ತು ಇಲ್ಲ." ಚಳಿಗಾಲದಲ್ಲಿ ಮಂಜುಗಡ್ಡೆ ಕಟ್ಟಿದರೆ ದೋಣಿ ಇಲ್ಲ. ವಸಂತದಲ್ಲಿ ಬೆಟ್ಟದ ಹಿಮ ಕರಗಿ ನದಿ ಉಬ್ಬಿದರೆ ವಾರಗಟ್ಟಲೆ ಇಲ್ಲ. ಹೈಸ್ಕೂಲು, ಡಾಕ್ಟರು, ಸೇಬಿನ ರಸ ತೆಗೆಯುವ ಕಾರ್ಖಾನೆ ಎಲ್ಲವೂ ಓಲ್ಶಿನಿಯಲ್ಲಿ. ಸೇಬಿನ ತೋಟಗಳು ಮಾತ್ರ ನಮ್ಮಲ್ಲಿ. ಪ್ಶೆಮಿಶ್ಲ್ ಪಟ್ಟಣದ ಸೇತುವೆ ಸುತ್ತಿಕೊಂಡು ಹೋದರೆ ಅರ್ಧ ದಿನ ಹಾಳು. ಸಾಗಾಣಿಕೆಯ ಖರ್ಚು ಕಳೆದರೆ ಸೇಬು ಮಾರುವುದಕ್ಕಿಂತ ಹಂದಿಗೆ ಹಾಕುವುದೇ ಮೇಲು ಎಂಬಂತಿತ್ತು.

ನಮ್ಮ ಬೀದಿಯ ದನೂತಾಗೆ ಆ ಕಾರ್ಖಾನೆಯಲ್ಲಿ ಕೆಲಸ ಸಿಕ್ಕಿತ್ತು. ಆ ವಸಂತದಲ್ಲಿ ನದಿ ಇಳಿಯುವ ಲಕ್ಷಣವೇ ಕಾಣಲಿಲ್ಲ. ಕೊನೆಗೆ ಅವಳು ಆಚೆ ದಾಟಿದಾಗ ಅವಳ ಜಾಗದಲ್ಲಿ ಬೇರೊಬ್ಬಳು ಬಾಟಲಿ ತೊಳೆಯುತ್ತಿದ್ದಳು. ಮೇಸ್ತ್ರಿ ಒಳ್ಳೆಯವನೇ. "ನಿನ್ನ ಮೇಲೆ ಕೋಪ ಇಲ್ಲಮ್ಮ. ಲಿಪೊವ್ಕಾದೋರನ್ನ ಇಟ್ಕೊಂಡ್ರೆ ನಾನು ನದೀನ ಕೇಳ್ಕೊಂಡು ಕಾರ್ಖಾನೆ ನಡೆಸ್ಬೇಕಾಗುತ್ತೆ" ಎಂದನಂತೆ. ದನೂತಾ ಹಿಂದಿರುಗುವಾಗ ದೋಣಿಯಲ್ಲಿ ಅಳಲಿಲ್ಲ. ಗೆನ್ಯಾ ಮಾತ್ರ ದಡ ಮುಟ್ಟಿದ ಮೇಲೂ ಹಗ್ಗ ಬಿಡದೆ ನಿಂತಿದ್ದಳು.

"ಟೀಚರಮ್ಮ, ನಂಗೆ ಒಂದು ಸೇತುವೆ ಬೇಕು" ಎಂದಳು ನನಗೆ, ಅಂಗಡಿಯಲ್ಲಿ ಸಕ್ಕರೆ ಕೇಳುವ ದನಿಯಲ್ಲಿ.

ನಮ್ಮ ದೇಶ ಐರೋಪ್ಯ ಒಕ್ಕೂಟ ಸೇರಿ ಕೆಲವು ವರ್ಷಗಳಾಗಿದ್ದವು. ಹಿಂದುಳಿದ ಸೀಮೆಗಳು ಮುಂದುವರಿದವುಗಳ ಸಮಕ್ಕೆ ಬರಲೆಂದು ಒಕ್ಕೂಟದ ದೇಶಗಳೆಲ್ಲ ಸೇರಿ ನಿಧಿ ಇಟ್ಟಿರುತ್ತವೆ. ಪೋಲೆಂಡಿನ ಪೂರ್ವದಂಚಿನ ನಾವು ಆ ತರಗತಿಯಲ್ಲಿ ಕೊನೆಯ ಬೆಂಚಿನವರು, ಆದ್ದರಿಂದ ನಮಗೆ ಪಾಲು ಹೆಚ್ಚು. ಸೇತುವೆಯ ಖರ್ಚಿನ ದೊಡ್ಡ ಭಾಗ ಅಲ್ಲಿಂದ ಬರುತ್ತದೆ, ಸಣ್ಣ ಭಾಗ ಊರಿನವರು ಹಾಕಬೇಕು. ಆ ಸಣ್ಣ ಭಾಗವೂ ನಮ್ಮ ಪಂಚಾಯಿತಿ ಒಂದಕ್ಕೇ ಹೊರಲಾರದಷ್ಟಿತ್ತು. ನಮ್ಮ ಅಧ್ಯಕ್ಷ ಲುದ್ವಿಕ್ ಬೊರೊನ್ ಝೆಶೂಫ್ ನಗರದ ಕಚೇರಿಗೆ ಹೋಗಿ ವಿಚಾರಿಸಿದಾಗ ಅಲ್ಲಿನ ಅಧಿಕಾರಿಣಿ ಅವನ ಕಾಗದಗಳನ್ನು ನೋಡಿ ನಕ್ಕುಬಿಟ್ಟಳು.

"ಅಧ್ಯಕ್ಷರೇ, ಸೇತುವೆಗೆ ಎರಡು ತುದಿ ಇರುತ್ತೆ ಅಲ್ವಾ? ಇನ್ನೊಂದು ತುದಿಯೋರು ಎಲ್ಲಿ?"

ಇನ್ನೊಂದು ತುದಿಯಲ್ಲಿದ್ದವನು ಓಲ್ಶಿನಿಯ ಅಧ್ಯಕ್ಷ ಬೊಗ್ದಾನ್ ಕುಲ್ಪಾ. ಅಲ್ಲೇ ಇದ್ದದ್ದು ತೊಡಕು. ಇಬ್ಬರೂ ಹುಡುಗರಾಗಿದ್ದಾಗ ಊರೂರ ಅಗ್ನಿಶಾಮಕ ದಳಗಳ ಪಂದ್ಯ ನಡೆದಿತ್ತು. ಓಲ್ಶಿನಿಯವರ ಪೈಪು ಮಧ್ಯದಲ್ಲಿ ಸೀಳಿ, ಗುರಿಗೆ ಬೀಳಬೇಕಾದ ನೀರು ತೀರ್ಪುಗಾರರ ಮೇಲೆ ಬಿತ್ತು. ಲಿಪೊವ್ಕಾದವರೇ ಕತ್ತರಿಸಿದ್ದು ಎಂದು ಬೊಗ್ದಾನ್ ಕೂಗಿದ. ಅಂದು ಶುರುವಾದ ಹೊಡೆದಾಟ ಊರಿಗೆ ಊರೇ ಮಾತು ಬಿಡುವಲ್ಲಿಗೆ ಮುಟ್ಟಿತು. ಮದುವೆಗೆ ಕರೆಯುವುದಿಲ್ಲ, ಸಾವಿಗೆ ಮಾತ್ರ ಹೋಗುವುದು. ಇಬ್ಬರ ಮೇಜಿನ ಮೇಲೂ ಫೋನಿತ್ತು. ಮೊದಲು ಮಾಡಿದವನು ಸೋತಂತೆ ಎಂದು ಇಬ್ಬರೂ ಮುಟ್ಟಲಿಲ್ಲ. ಹೇಳಬೇಕಾದ್ದನ್ನೆಲ್ಲ ಗೆನ್ಯಾಳ ಕೈಲಿ ಹೇಳಿ ಕಳಿಸತೊಡಗಿದರು.

ಸೇತುವೆ ಎಲ್ಲಿಂದ ಎಲ್ಲಿಗೆ ಎಂಬುದೇ ಮೊದಲ ಜಗಳ. ಲುದ್ವಿಕ್‌ಗೆ ಅದು ನಮ್ಮ ಚರ್ಚಿನ ಬಳಿ ಬೇಕು. ಬೊಗ್ದಾನ್‌ಗೆ ಹೊಳೆ ಹರಿದು ಹೋಗುವ ದಿಕ್ಕಿನಲ್ಲಿ, ತನ್ನ ಊರಿನ ಮರ ಕೊಯ್ಯುವ ಮಿಲ್ಲಿನ ಬಳಿ ಬೇಕು.

"ಆ ಬೊಗ್ದಾನ್‌ಗೆ ಹೇಳು ಗೆನ್ಯಾ" ಎಂದ ಲುದ್ವಿಕ್ ಕಡವಿಗೆ ಬಂದು. "ಮಿಲ್ ಹತ್ರ ಸೇತುವೆ ಅಂದ್ರೆ ನಾವು ಈಜ್ಕೊಂಡೇ ಹೋಗ್ತೀವಿ ಅಂತ. ಕತ್ತೆಗಾದ್ರೂ ಬುದ್ಧಿ ಇರುತ್ತೆ, ಅವನಿಗಿಲ್ಲ. ಹೀಗೇ ಹೇಳು, ಒಂದಕ್ಷರ ಬಿಡ್ಬೇಡ."

"ಬಿಡಲ್ಲ" ಎಂದಳು ಗೆನ್ಯಾ.

ದೋಣಿಯಲ್ಲಿ ನಾನೂ ಇದ್ದೆ. ಆಚೆ ದಡದಲ್ಲಿ ಬೊಗ್ದಾನ್ ಮೀಸೆ ತಿರುವುತ್ತ ಕಾಯುತ್ತಿದ್ದ.

"ಏನಂದ ಆ ಮನುಷ್ಯ?"

"ಮಿಲ್ ಹತ್ರ ಮಣ್ಣು ಗಟ್ಟಿ ಇದ್ಯಾ ಅಂತ ಕೇಳಿದ್ರು. ಈ ದಡ ನಿಮಗೆ ಗೊತ್ತಿರೋ ಹಾಗೆ ಅವರಿಗೆ ಗೊತ್ತಿಲ್ವಂತೆ."

ಬೊಗ್ದಾನ್‌ನ ಕೈ ಮೀಸೆಯಲ್ಲೇ ನಿಂತಿತು. "ಲುದ್ವಿಕ್ ಹಾಗಂದ್ನಾ?"

"ಅಂದ್ರು."

"ನಿಜ ಹೇಳ್ಬೇಕು ಅಂದ್ರೆ ಗಟ್ಟಿ ಇಲ್ಲ. ಪ್ರವಾಹ ಬಂದಾಗೆಲ್ಲ ಕುಸಿಯುತ್ತೆ. ಆದ್ರೆ ಇದನ್ನ ಅವನಿಗೆ ಹೇಳ್ಬೇಡಿ ಗೆನ್ಯಾ ಅವ್ರೇ. ಚರ್ಚ್ ಹತ್ರ ಇಳಿಸಿದ್ರೆ ಅವನ ಒಡಕು ಗಂಟೆ ದಿನಾ ನಮ್ಮ ಕಿವಿ ತಿನ್ನುತ್ತೆ ಅನ್ನಿ."

ಆ ಸಂಜೆ ಲುದ್ವಿಕ್‌ಗೆ ಸಿಕ್ಕಿದ ಉತ್ತರ ಹೀಗಿತ್ತು: "ಮಿಲ್ ಹತ್ರ ಮಣ್ಣು ಸರಿ ಇಲ್ಲ ಅಂತ ಅವರೇ ಒಪ್ಕೊಂಡ್ರು. ನಮ್ಮ ಚರ್ಚಿನ ಗಂಟೆ ದಿನಾ ಹತ್ರದಿಂದ ಕೇಳ್ಬೋದಲ್ಲಾ ಅಂದ್ರು."

ಲುದ್ವಿಕ್ ಟೋಪಿ ತೆಗೆದು ತಲೆ ಕೆರೆದುಕೊಂಡ. "ಬೊಗ್ದಾನಾ? ಗಂಟೆನಾ?"

ಹೀಗೆ ಆ ಇಡೀ ಬೇಸಿಗೆ ಬೈಗುಳಗಳು ದೋಣಿ ಹತ್ತಿ, ಒಳ್ಳೆಯ ಮಾತುಗಳಾಗಿ ಇಳಿದವು. ನನಗೆ ಒಂದು ಕಡೆ ನಗು, ಇನ್ನೊಂದು ಕಡೆ ಭಯ.

"ಇಷ್ಟೊಂದು ಸುಳ್ಳು ಹೇಳ್ತಿದೀಯಲ್ಲ ಗೆನ್ಯಾ, ಪಾದ್ರಿ ಹತ್ರ ಪಾಪ ಒಪ್ಕೊಳ್ಳೋವಾಗ ಏನ್ ಮಾಡ್ತೀಯ?"

"ಪಾದ್ರಿಗೂ ಸೇತುವೆ ಬೇಕು. ಅವರು ಎರಡು ಊರು ನೋಡ್ಕೋಬೇಕಲ್ಲ. ಕ್ಷಮಿಸ್ತಾರೆ."

"ಅದು ಹೋಗಲಿ. ಸೇತುವೆ ಬಂದ್ರೆ ನಿನ್ನ ಹೊಟ್ಟೆಪಾಡು? ನಿನ್ನ ಕಾಲಿಗೆ ನೀನೇ ಕೊಡ್ಲಿ ಹಾಕ್ಕೊಳ್ತಿದೀಯ."

ಅವಳು ಹಗ್ಗ ಎಳೆಯುತ್ತಲೇ ಉತ್ತರಿಸಿದಳು. "ಹಾಕ್ಕೊಳ್ತಿದೀನಿ. ಗೊತ್ತು. ಆದ್ರೆ ಇನ್ನೊಬ್ಬ ದನೂತಾ ಬಂದು ದಡದಲ್ಲಿ ನಿಂತು ನನ್ನ ಮುಖ ನೋಡಿದ್ರೆ, ಇವತ್ತು ಇಲ್ಲ ಅನ್ನೋಕೆ ನಂಗೆ ಬಾಯಿ ಬರಲ್ಲ ಟೀಚರಮ್ಮ. ಮುಗೀತು ಅದು."

ಅರ್ಜಿ ಹಾಕುವ ಗಡುವು ಹತ್ತಿರ ಬಂದಾಗ ಬೊಗ್ದಾನ್ ತಾನೇ ಬಂದು ಚರ್ಚಿನ ಕಡೆಯ ದಡ ನೋಡುವುದಾಗಿ ಹೇಳಿದ. ಅವನು ನಮ್ಮ ದಡಕ್ಕೆ ಕಾಲಿಡದೆ ಎಷ್ಟೋ ವರ್ಷಗಳಾಗಿದ್ದವು. ಅಂದು ಮಧ್ಯಾಹ್ನ ಶಾಲೆ ಬಿಟ್ಟು ನಾನು ಕಡವಿಗೆ ಬಂದಾಗ ಅವನು ಇಸ್ತ್ರಿ ಮಾಡಿದ ಕೋಟಿನಲ್ಲಿ ದೋಣಿ ಹತ್ತಿ ನಿಂತಿದ್ದ. ಹಗ್ಗ ಬಿಚ್ಚುವ ಹೊತ್ತಿಗೆ ಯಾರೋ ಓಡಿ ಬಂದರು. ನೋಡಿದರೆ ಲುದ್ವಿಕ್! ಓಲ್ಶಿನಿಯ ಡಾಕ್ಟರ ಬಳಿ ಹಲ್ಲು ಕೀಳಿಸಿಕೊಂಡು, ಕೆನ್ನೆ ಊದಿಸಿಕೊಂಡು, ಬಾಯಿ ತುಂಬ ಹತ್ತಿ ಇಟ್ಟುಕೊಂಡು ಹೊರಟಿದ್ದ. ಇಬ್ಬರೂ ಒಬ್ಬರನ್ನೊಬ್ಬರು ಕಂಡರು. ಗೆನ್ಯಾಳ ಮುಖದ ಬಣ್ಣ ಇಳಿಯಿತು. ಆದರೂ ದೋಣಿ ಬಿಟ್ಟಳು.

ದೋಣಿ ನದಿಯ ನಡುವಿಗೆ ಬಂದಿತು. ಲುದ್ವಿಕ್ ಕೊನೆಗೆ ಹತ್ತಿಯ ಸಂದಿಯಿಂದಲೇ ಮಾತು ತೆಗೆದ.

"ಬೊಗ್ದಾನ್, ಗಂಟೆ ಬಗ್ಗೆ ಒಳ್ಳೆ ಮಾತು ಅಂದ್ಯಲ್ಲ. ಮನಸ್ಸಿಗೆ ಹಿತ ಆಯ್ತು."

"ಯಾವ ಒಳ್ಳೆ ಮಾತು?"

"ನಮ್ಮ ಗಂಟೆ ದಿನಾ ಕೇಳ್ಬೋದು ಅಂತ..."

"ನಾನಾ? ಆ ಒಡಕು ಗಂಟೇನಾ?" ಎಂದುಬಿಟ್ಟು ಬೊಗ್ದಾನ್ ನಾಲಿಗೆ ಕಚ್ಚಿಕೊಂಡ. ಆಮೇಲೆ ಏನೋ ಹೊಳೆಯಿತು. "ಹಾಗಾದ್ರೆ ನೀನು ನನ್ನ ಮಿಲ್ ಮಣ್ಣಿನ ಬಗ್ಗೆ ಕೇಳಿದ್ದು? ಈ ದಡ ನಂಗೇ ಚೆನ್ನಾಗಿ ಗೊತ್ತು ಅಂದದ್ದು?"

"ನಾನ್ಯಾಕೆ ಹಾಗನ್ಲಿ!"

ಇಬ್ಬರೂ ಒಟ್ಟಿಗೆ ಗೆನ್ಯಾಳ ಕಡೆ ತಿರುಗಿದರು. ಅವಳು ಅವರಿಗೆ ಬೆನ್ನು ಹಾಕಿ ಹಗ್ಗ ಎಳೆಯುತ್ತಿದ್ದಳು, ಎಂದಿಗಿಂತ ಜೋರಾಗಿ.

"ಗೆನ್ಯಾ! ಇವನು ನಿಜವಾಗಿ ಏನಂದ ಹೇಳು!" ಎಂದ ಲುದ್ವಿಕ್.

"ಹೇಳ್ಲಾ?"

"ಹೇಳು!"

ಅವಳು ತಿರುಗಿ ಹೇಳಿಯೇಬಿಟ್ಟಳು. ಕತ್ತೆ, ಈಜು, ಒಡಕು ಗಂಟೆ, ಎಲ್ಲ. ಬೇಸಿಗೆಯುದ್ದಕ್ಕೂ ಎರಡು ಕಡೆಯಿಂದ ಬಂದದ್ದನ್ನೆಲ್ಲ ಒಂದಕ್ಷರ ಬಿಡದೆ ಒಪ್ಪಿಸಿದಳು. ಕೆಲವನ್ನು ನಾನಿಲ್ಲಿ ಬರೆಯಲಾರೆ.

"ನಾಚಿಕೆ ಇಲ್ವಾ ನಿಂಗೆ?" ಎಂದು ಗುಡುಗಿದ ಲುದ್ವಿಕ್. "ಅಧ್ಯಕ್ಷರ ಮಾತು ತಿದ್ದೋಕೆ ನೀನ್ಯಾರು?"

"ಸರಿಯಾಗಿ ಕೇಳ್ದೆ ಲುದ್ವಿಕ್!" ಎಂದ ಬೊಗ್ದಾನ್.

"ಅಲ್ಲ ನೋಡು ಬೊಗ್ದಾನ್, ಇಷ್ಟು ದಿನ ಇವಳು ನಮ್ಮಿಬ್ಬರನ್ನೂ ಮಂಗ ಮಾಡಿದಾಳೆ."

"ಮಂಗ ಅಲ್ಲಪ್ಪ, ನಾನಂತೂ ನೀನು ಬದಲಾಗಿದೀಯ ಅಂತ ಹೆಂಡತಿ ಮುಂದೆ ಹೊಗಳಿದೀನಿ!"

"ನಾನೂ ಹೊಗಳಿದೀನಿ ಕಣೋ!"

ಗೆನ್ಯಾ ಮರದ ತುಂಡನ್ನು ಕೆಳಗಿಟ್ಟು ಸೊಂಟದ ಮೇಲೆ ಕೈಯಿಟ್ಟಳು. "ನೋಡಿ. ಎಷ್ಟು ಚೆನ್ನಾಗಿ ಮಾತಾಡ್ತಿದೀರಿ ಇಬ್ಬರೂ."

ಮೊದಲು ನಕ್ಕವನು ಲುದ್ವಿಕ್. ನಗಲು ಹೋಗಿ ಹಲ್ಲಿನ ಗಾಯ ಚುಚ್ಚಿ "ಅಯ್ಯೋ" ಎಂದು ಕೆನ್ನೆ ಹಿಡಿದುಕೊಂಡ. ಅದನ್ನು ಕಂಡು ಬೊಗ್ದಾನ್ ನಕ್ಕ. ಆಮೇಲೆ ಇಬ್ಬರಿಗೂ ನಿಲ್ಲಿಸಲಾಗಲಿಲ್ಲ. ದೋಣಿ ಇಳಿದು ಚರ್ಚಿನ ಕಡೆ ನಡೆಯುವಾಗ ಲುದ್ವಿಕ್ ದನಿ ತಗ್ಗಿಸಿ ಕೇಳಿದ್ದು ನನ್ನ ಕಿವಿಗೂ ಬಿತ್ತು.

"ಆ ಪೈಪು... ನಾವು ಮುಟ್ಟಿರಲಿಲ್ಲ ಬೊಗ್ದಾನ್. ದೇವರಾಣೆ."

"ಗೊತ್ತು. ಇಲಿ ಕಡಿದಿತ್ತು."

"ಗೊತ್ತಿತ್ತಾ?"

"ಆವತ್ತೇ ಸಂಜೆ ಗೊತ್ತಾಯ್ತು. ಅಷ್ಟೊತ್ತಿಗೆ ನಿನ್ನ ಮೂಗಿಗೆ ಗುದ್ದಿ ಆಗಿತ್ತಲ್ಲ, ಏನು ಮಾಡ್ಲಿ?"

ಅರ್ಜಿ ಎರಡು ಊರಿನ ಸಹಿಯೊಂದಿಗೆ ಝೆಶೂಫ್‌ಗೆ ಹೋಯಿತು. ಅಧಿಕಾರಿಣಿ ಅದನ್ನು ಮೂರು ಸಲ ತಿದ್ದಿಸಿದಳು. ಮೀನುಗಳಿಗೆ ತೊಂದರೆಯಾಗುವುದೇ, ಬೆಳ್ಳಕ್ಕಿಗಳು ಎಲ್ಲಿ ಗೂಡು ಕಟ್ಟುತ್ತವೆ ಎಂದೆಲ್ಲ ವಿಚಾರಿಸಲು ಜನ ಬಂದರು. ಮಂಜೂರಾದ ದಿನ ನಮ್ಮ ಪಾದ್ರಿ ಹೊತ್ತಲ್ಲದ ಹೊತ್ತಿನಲ್ಲಿ ಗಂಟೆ ಬಾರಿಸಿದರು. ಅದು ನಿಜಕ್ಕೂ ಒಡಕು ದನಿಯದೇ, ಒಪ್ಪಿಕೊಳ್ಳಬೇಕು.

ಕಟ್ಟುವ ಕೆಲಸಕ್ಕೆ ಎರಡು ಬೇಸಿಗೆ ಹಿಡಿಯಿತು. ಐರೋಪ್ಯ ಒಕ್ಕೂಟದ ಹಳದಿ ನಕ್ಷತ್ರಗಳಿರುವ ನೀಲಿ ಫಲಕ ಎರಡೂ ದಡದಲ್ಲಿ ನಿಂತಿತು. ಯಾವ ಊರಿನ ಫಲಕ ದೊಡ್ಡದು ಎಂದು ಜನ ಅಳೆದು ನೋಡಿದರು. ಉದ್ಘಾಟನೆಯ ದಿನ ಇಬ್ಬರು ಅಧ್ಯಕ್ಷರೂ ತಮ್ಮ ತಮ್ಮ ತುದಿಯಲ್ಲಿ ಒಂದೇ ಕ್ಷಣಕ್ಕೆ ಪಟ್ಟಿ ಕತ್ತರಿಸಿ ನಡುವಿನಲ್ಲಿ ಬಂದು ಅಪ್ಪಿಕೊಂಡರು. ಬ್ಯಾಂಡು ಬಾರಿಸಿತು. ಹೆಂಗಸರು ಆಲೂಗಡ್ಡೆ ಮತ್ತು ಗಿಣ್ಣು ತುಂಬಿದ ಪಿಯೆರೋಗಿ ಕಡುಬುಗಳನ್ನು ಬುಟ್ಟಿಗಟ್ಟಲೆ ಬೇಯಿಸಿ ತಂದಿದ್ದರು. ಈ ಗದ್ದಲದಲ್ಲಿ ಗೆನ್ಯಾಳನ್ನು ಯಾರೂ ನೆನೆಸಿಕೊಳ್ಳಲಿಲ್ಲ. ಆಮೇಲೆ ಯಾರೋ ಕೆಳಗೆ ಬೆರಳು ತೋರಿಸಿದರು.

ಅವಳು ಸೇತುವೆಯ ಕೆಳಗೆ ದೋಣಿ ದಾಟಿಸುತ್ತಿದ್ದಳು. ದೋಣಿಯಲ್ಲಿ ಮುದುಕ ವಿನ್ಸೆಂತಿ ಮತ್ತು ಅವನ ಹಸು. ಹಸುವನ್ನು ಆಚೆ ಊರಿಗೆ ಮಾರಿದ್ದ. ಅದು ಹೊಸ ಸೇತುವೆಯ ಮೇಲೆ ಕಾಲಿಡಲು ಒಪ್ಪಿರಲಿಲ್ಲ.

"ಎಷ್ಟು ದೇಶ ಸೇರಿ ಕಟ್ಟಿಸಿದಾರೆ ಕಣೇ, ಹೋಗೇ ಅಂದೆ. ಕೇಳ್ಲಿಲ್ಲ" ಎಂದು ವಿನ್ಸೆಂತಿ ಕೆಳಗಿನಿಂದ ಕೂಗಿದ. ಸೇತುವೆಯ ಮೇಲಿದ್ದವರೆಲ್ಲ ಕಂಬಿಗೆ ಒರಗಿ ನಕ್ಕರು. ಬ್ಯಾಂಡಿನವರು ಅವಳಿಗೂ ಹಸುವಿಗೂ ಸೇರಿಸಿ ಒಂದು ಪೋಲ್ಕಾ ಕುಣಿತದ ಹಾಡು ಬಾರಿಸಿದರು. ಗೆನ್ಯಾ ಟೋಪಿ ತೆಗೆದು ಬೀಸಿದಳು. ಅವಳ ಕೊನೆಯ ಗಿರಾಕಿ ಆ ಹಸು.

ಆಮೇಲಿನ ದಿನಗಳು ಅವಳಿಗೆ ಸುಲಭವಾಗಿರಲಿಲ್ಲ. ದೋಣಿಯನ್ನು ದಡಕ್ಕೆಳೆದು ಮಗುಚಿ ಹಾಕಿದರು. ಅವಳು ಮನೆಯಿಂದ ಹೊರಬರುವುದು ಕಡಿಮೆಯಾಯಿತು. ನಾನು ಹೋದಾಗ ಅಡುಗೆಮನೆಯಲ್ಲಿ ಕುಳಿತು ಆಲೂಗಡ್ಡೆ ಸುಲಿಯುತ್ತಿದ್ದಳು. ಒಬ್ಬಳ ಊಟಕ್ಕೆ ಒಂದು ಬಾನಿ ಆಲೂಗಡ್ಡೆ.

"ಬೇಕು ಅಂದವಳು ನಾನೇ" ಎಂದಳು. "ದನೂತಾಗೆ ಮತ್ತೆ ಕೆಲಸ ಸಿಕ್ಕಿದೆ, ಸೈಕಲ್ ಹತ್ತಿ ಕಾರ್ಖಾನೆಗೆ ಹೋಗೋದನ್ನ ಕಿಟಕೀಲಿ ನೋಡ್ತೀನಿ. ಹೊಟ್ಟೆ ತಣ್ಣಗಾಗುತ್ತೆ. ಆದ್ರೆ ಈ ಕೈ ಇದೆ ನೋಡು, ಬೆಳಕು ಹರೀತಿದ್ದ ಹಾಗೆ ಏನಾದ್ರೂ ಎಳೀಬೇಕು ಅನ್ನುತ್ತೆ."

ಒಂದು ಭಾನುವಾರ ಲುದ್ವಿಕ್ ಮತ್ತು ಬೊಗ್ದಾನ್ ಇಬ್ಬರೂ ಒಟ್ಟಿಗೆ ಅವಳ ಬಾಗಿಲಿಗೆ ಬಂದರು. ಕೈಯಲ್ಲಿ ಗಸಗಸೆ ತುಂಬಿದ ಕೇಕು. ನನ್ನನ್ನೂ ಸಾಕ್ಷಿಗೆಂದು ಕರೆದುಕೊಂಡು ಹೋಗಿದ್ದರು.

"ಗೆನ್ಯಾ ಅವ್ರೇ, ಎರಡು ಊರಿಗೂ ಸೇರಿ ಒಂದು ಸಣ್ಣ ಬಸ್ಸು ಮಂಜೂರಾಗಿದೆ" ಎಂದ ಬೊಗ್ದಾನ್. "ಕಾರ್ಖಾನೆಗೆ, ಶಾಲೆಗೆ, ಡಾಕ್ಟರ ಹತ್ರಕ್ಕೆ. ಓಡ್ಸೋರು ಬೇಕು."

"ಹುಡುಕಿ ಮತ್ತೆ."

"ಹುಡುಕಿದ್ವಿ. ಸಿಕ್ಕಿದ್ದಾಳೆ" ಎಂದ ಲುದ್ವಿಕ್.

"ನಾನಾ? ನಾನು ಸೈಕಲ್ ಬಿಟ್ರೆ ಏನೂ ಓಡ್ಸಿಲ್ಲ. ಐವತ್ತು ದಾಟಿದೀನಿ. ತಲೆ ಕೆಟ್ಟಿದ್ಯಾ ನಿಮಗೆ?"

"ಕೆಲಸ ಹೋದೋರಿಗೆ ಹೊಸ ಕೆಲಸ ಕಲ್ಸೋಕೂ ಅದೇ ಯುರೋಪಿನ ಹಣ ಇದೆ. ನಿನ್ನ ಕೆಲಸ ಕಿತ್ಕೊಂಡೋರೇ ಕಲಿಸ್ತಾರೆ, ಇದಕ್ಕಿಂತ ಇನ್ನೇನು ಬೇಕು?"

"ನನ್ನ ಕೆಲಸ ಕಿತ್ಕೊಂಡದ್ದು ನಾನೇ" ಎಂದಳು ಗೆನ್ಯಾ. ಆದರೆ ಕೇಕನ್ನು ಕತ್ತರಿಸಿದಳು.

ಪ್ಶೆಮಿಶ್ಲ್‌ನಲ್ಲಿ ಅವಳಿಗೆ ಕಲಿಸಿದವಳು ಕಿಂಗಾ ಎಂಬ ಹುಡುಗಿ, ಗೆನ್ಯಾಳ ಅರ್ಧ ವಯಸ್ಸಿನವಳು. ಮೊದಲ ದಿನವೇ ಗೆನ್ಯಾ ಸ್ಟೇರಿಂಗನ್ನು ಎಷ್ಟು ಬಲವಾಗಿ ಎಳೆದಳೆಂದರೆ ಕಿಂಗಾ ಕೂಗಿಕೊಂಡಳಂತೆ: "ಚಿಕ್ಕಮ್ಮ, ರಸ್ತೆಗೆ ಸೆಳೆತ ಇಲ್ಲ! ಮೆಲ್ಲಗೆ!" ಮೊದಲ ಪರೀಕ್ಷೆಯಲ್ಲಿ ಗೆನ್ಯಾ ಫೇಲಾದಳು. ಎಲ್ಲ ಸರಿಯಾಗಿ ಓಡಿಸಿ, ದಾರಿಬದಿಯಲ್ಲಿ ಚೀಲ ಹೊತ್ತು ನಿಂತಿದ್ದ ಮುದುಕಿಯನ್ನು ಕಂಡು ಗಾಡಿ ನಿಲ್ಲಿಸಿ ಬಾಗಿಲು ತೆರೆದಿದ್ದಳು.

"ಇದು ಪರೀಕ್ಷೆ ಅಮ್ಮಾವ್ರೇ, ಬಸ್ಸಲ್ಲ" ಎಂದರಂತೆ ಪರೀಕ್ಷಕರು.

"ಹಾಗಂತ ಅವರನ್ನ ಅಲ್ಲೇ ಬಿಟ್ಟು ಹೋಗಕ್ಕಾಗುತ್ತಾ?"

ಎರಡನೆಯ ಸಲ ಪಾಸಾದಳು. ಆ ಸಂಜೆ ಕಿಂಗಾ ಅವಳಿಗೆ ಐಸ್‌ಕ್ರೀಮ್ ಕೊಡಿಸಿ, ತನ್ನ ಮದುವೆಗೆ ಕರೆದಳು. ಮದುವೆಯಲ್ಲಿ ಗೆನ್ಯಾ ಮದುಮಗನ ಸೋದರಮಾವನ ಜೊತೆ ಬೆಳಗಾಗುವ ತನಕ ಕುಣಿದಳೆಂದು ಸುದ್ದಿ. ಕೇಳಿದರೆ, "ಅವನು ಯಾವ ದಡದವನೂ ಅಲ್ಲ ಬಿಡಿ, ಪಟ್ಟಣದವನು" ಎಂದಳು.

ಹಣ ಬಂದ ಕಡೆಯೆಲ್ಲ ಊರು ಉದ್ಧಾರವಾಯಿತೆಂದು ನಾನು ಹೇಳಲಾರೆ. ನಮ್ಮಿಂದಾಚೆಗಿನ ಒಂದು ಊರಿನವರು ಅದೇ ಕಾಲದಲ್ಲಿ ಚೌಕದಲ್ಲಿ ಬಣ್ಣದ ಕಾರಂಜಿ ಕಟ್ಟಿಸಿದರು. ಈಗ ಅದರಲ್ಲಿ ಬಾತುಕೋಳಿಗಳಿವೆ. ನಮ್ಮಲ್ಲೂ ದೂರ ಹೋದವರೆಲ್ಲ ಮರಳಿಲ್ಲ. ಆದರೆ ಸೇಬು ಈಗ ಅದೇ ದಿನ ಕಾರ್ಖಾನೆ ಮುಟ್ಟುತ್ತದೆ, ಹಂದಿಗಳಿಗೆ ಸಿಗುವುದು ಸಿಪ್ಪೆ ಮಾತ್ರ. ಕಾರ್ಖಾನೆಯವರು ಹಣ್ಣು ವಿಂಗಡಿಸುವ ದೊಡ್ಡ ಶೆಡ್ಡನ್ನು ನಮ್ಮ ಕಡೆಯೇ ಕಟ್ಟಿದ್ದಾರೆ. ಅಲ್ಲಿನ ಮೇಸ್ತ್ರಿ ದನೂತಾ. ಅವಳ ಗಂಡ ಹಾಲೆಂಡಿನ ಹೂವಿನ ತೋಟದ ಕೆಲಸ ಬಿಟ್ಟು ಬಂದು ಇಲ್ಲೇ ಲಾರಿ ಓಡಿಸುತ್ತಾನೆ. ನಮ್ಮ ಬೀದಿಯಲ್ಲಿ ಮುಚ್ಚಿದ್ದ ಬ್ರೆಡ್ಡಿನ ಅಂಗಡಿ ತೆರೆದಿದೆ. ಬೆಳಿಗ್ಗೆ ಬೇಗ ಹೋಗದಿದ್ದರೆ ಬ್ರೆಡ್ಡು ಸಿಗದು ಎಂದು ಬೈದುಕೊಳ್ಳುವ ಭಾಗ್ಯ ನಮಗೆ ಬಂದಿದೆ.

ನಾನು ನಿವೃತ್ತಳಾಗಿದ್ದೇನೆ, ಆದರೂ ವಾರಕ್ಕೊಮ್ಮೆ ಗೆನ್ಯಾಳ ಬಸ್ಸು ಹತ್ತುತ್ತೇನೆ, ಹರಟೆಗೆ. ಕಳೆದ ತಿಂಗಳು ಸೇಬು ಕೀಳುವ ಕಾಲದಲ್ಲಿ ಲಿಪೊವ್ಕಾದ ನಿಲ್ದಾಣದಲ್ಲಿ ಗುರುತಿಲ್ಲದ ಗಂಡಹೆಂಡತಿ ನಿಂತಿದ್ದರು. ಎರಡು ಸೂಟ್‌ಕೇಸು, ಬೆಕ್ಕು ಇರುವ ಒಂದು ಬುಟ್ಟಿ. ಗಂಡ ಸಂಕೋಚದಿಂದ ಕೇಳಿದ.

"ಕಾರ್ಖಾನೇಲಿ ಕೆಲಸ ಇದೆ ಅಂತ ಬಂದ್ವಿ. ಈ ಬಸ್ಸು ಹೋಗುತ್ತಾ?"

ಬೇರೆ ಕಡೆಯಿಂದ ನಮ್ಮೂರಿಗೆ ಕೆಲಸ ಹುಡುಕಿಕೊಂಡು ಬಂದವರು! ಬಸ್ಸಿನಲ್ಲಿದ್ದ ಹೆಂಗಸರು ಕತ್ತು ಚಾಚಿದರು.

"ಹೋಗುತ್ತೆ, ಹತ್ತಿ ಹತ್ತಿ" ಎಂದಳು ಗೆನ್ಯಾ. "ಏನಾದ್ರೂ ತಿಂದ್ರಾ? ಟೀಚರಮ್ಮ, ಆ ಚೀಲದಲ್ಲಿ ಬ್ರೆಡ್ಡು, ಉಪ್ಪು ಹಾಕಿದ ಸೌತೆಕಾಯಿ ಇದೆ, ತೆಗೆದುಕೊಡು. ಬೆಕ್ಕಿನ ಹೆಸರೇನು?"

"ಬೆಕ್ಕಿಗೆ ಟಿಕೆಟ್ ಬೇಕಾ?" ಎಂದಳು ಆ ಹೆಂಡತಿ ಗಾಬರಿಯಾಗಿ.

ಇಡೀ ಬಸ್ಸು ನಕ್ಕಿತು. ಗೆನ್ಯಾ ಬಾಗಿಲು ಮುಚ್ಚಿ, ಹಾರನ್ನು ಒಮ್ಮೆ ಸುಮ್ಮನೆ ಬಾರಿಸಿ, ಗಾಡಿ ಬಿಟ್ಟಳು.